ಕ್ವೇವರ್: ನಡುಗುವ ದನಿಗೂ ಅದೇ ಹೆಸರು, ತಾಳದ ಲೆಕ್ಕಕ್ಕೂ ಅದೇ ಹೆಸರು

ಇಂಗ್ಲಿಷ್ ಕಾದಂಬರಿ ಓದುವವರಿಗೆ ‘ಕ್ವೇವರ್’ ಅನ್ನೋ ಪದ ಎಲ್ಲಾದರೂ ಎದುರಾಗಿರುತ್ತದೆ. ರಾತ್ರಿ ಹೊತ್ತು ಯಾರೋ ಬಾಗಿಲು ತಟ್ಟುತ್ತಾರೆ. ಒಳಗಿನಿಂದ ಮುದುಕಿಯೊಬ್ಬಳು ‘ಯಾರದು?’ ಅನ್ನುತ್ತಾಳೆ. ಅವಳ ದನಿ ಕ್ವೇವರ್ ಆಯಿತು ಅಂತ ಲೇಖಕ ಬರೆಯುತ್ತಾನೆ. ಮನೆಯಲ್ಲಿ ಕೀಬೋರ್ಡ್ ಕಲಿಯುವ ಮಗು ಇದ್ದರೆ ಇದೇ ಪದ ಬೇರೆ ಕಡೆಯಿಂದ ಕಿವಿಗೆ ಬೀಳುತ್ತದೆ. ‘ಇಲ್ಲಿ ಎರಡು ಕ್ವೇವರ್ ಇದೆ, ಬೇಗ ನುಡಿಸಬೇಕು’ ಅನ್ನುತ್ತದೆ ಮಗು. ಒಂದು ಕಡೆ ಹಿಡಿತ ತಪ್ಪಿದ ದನಿ, ಇನ್ನೊಂದು ಕಡೆ ಹಿಡಿತ ಒಂದಿಷ್ಟೂ ತಪ್ಪಬಾರದ ಕಾಲದ ಲೆಕ್ಕ. ಎರಡಕ್ಕೂ ಒಂದೇ ಹೆಸರು ಯಾಕೆ?

ಇವು ಸುಮ್ನೆ ಒಂದೇ ಥರ ಕೇಳಿಸುವ ಎರಡು ಪದಗಳಲ್ಲ. ಪದ ಒಂದೇ. ದನಿಯಿಂದ ತಾಳಕ್ಕೆ ಅದನ್ನು ದಾಟಿಸಿದವರು ಹಾಡುಗಾರರು.

ಮೊದಲು ಅರ್ಥ ನೋಡೋಣ. ದನಿ ಸಣ್ಣಗೆ, ಬೇಗಬೇಗ ಅಲುಗಾಡುವುದೇ ಕ್ವೇವರ್. ಸ್ವರ ಒಂದೆಡೆ ನಿಲ್ಲದೆ ತುಸು ಮೇಲೆ, ತುಸು ಕೆಳಗೆ ಹೋಗುತ್ತದೆ. ಕೆಲವೊಮ್ಮೆ ಜೋರು ಕಡಿಮೆಯಾಗಿ ಮತ್ತೆ ಏರುತ್ತದೆ. ಆದರೆ ಮಾತು ನಿಲ್ಲುವುದಿಲ್ಲ. ನಿಂತು ನಿಂತು, ಅಕ್ಷರ ಅಕ್ಷರಕ್ಕೆ ತಡವರಿಸಿ ಬಂದರೆ ಅದು ತೊದಲು. ಅದಕ್ಕೆ ಇಂಗ್ಲಿಷಿನಲ್ಲಿ ಸ್ಟ್ಯಾಮರ್, ಸ್ಟಟರ್ ಎಂಬ ಬೇರೆ ಪದಗಳಿವೆ. ಗಂಟಲು ಕಟ್ಟಿ ಮಾತೇ ಹೊರಡದಿದ್ದರೆ ಅದೂ ಕ್ವೇವರ್ ಅಲ್ಲ. ಅದು ನಮ್ಮ ‘ಗದ್ಗದ’ಕ್ಕೆ ಹತ್ತಿರ. ಕ್ವೇವರ್ ಆಗುವ ದನಿಯಲ್ಲಿ ಪದಗಳೆಲ್ಲ ಪೂರ್ತಿ ಕೇಳಿಸುತ್ತವೆ, ದನಿ ಮಾತ್ರ ನೆಟ್ಟಗೆ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಈ ಪದ ಕಾರಣ ಹೇಳುವುದಿಲ್ಲ, ಕಿವಿಗೆ ಏನು ಕೇಳಿಸಿತೋ ಅಷ್ಟನ್ನೇ ಹೇಳುತ್ತದೆ. ಭಯಕ್ಕೂ ದನಿ ನಡುಗಬಹುದು, ವಯಸ್ಸಿಗೂ ನಡುಗಬಹುದು. ದುಃಖಕ್ಕೆ, ತಡೆದುಕೊಂಡ ಸಿಟ್ಟಿಗೆ, ಮಗಳ ಮದುವೆ ಮಂಟಪದಲ್ಲಿ ಎರಡು ಮಾತು ಆಡಲು ನಿಂತ ಅಪ್ಪನ ಸಂತೋಷಕ್ಕೂ ನಡುಗಬಹುದು. ಹಾಗಾಗಿ ‘ಕ್ವೇವರ್’ ಕಂಡ ಕೂಡಲೇ ‘ಹೆದರಿದ’ ಅಂತ ಅರ್ಥ ಮಾಡಿಕೊಂಡರೆ ಎಷ್ಟೋ ಸಲ ತಪ್ಪಾಗುತ್ತದೆ. ಹಿಂದಿನ ಮುಂದಿನ ಸಾಲು ನೋಡಲೇಬೇಕು.

ನಡುಕಕ್ಕೆ ಇಂಗ್ಲಿಷಿನಲ್ಲಿ ಪದಗಳಿಗೇನೂ ಬರ ಇಲ್ಲ. ಆದರೆ ಒಂದೊಂದಕ್ಕೂ ಒಂದೊಂದು ರೂಢಿಯ ಜಾಗ ಇದೆ. ಭೂಮಿ ‘ಕ್ವೇಕ್’ ಆಗುತ್ತದೆ, ಭೂಕಂಪಕ್ಕೆ ಅರ್ಥ್‌ಕ್ವೇಕ್ ಅನ್ನುವುದು ಅದಕ್ಕೇ. ಅಳು ಬರುವ ಮುಂಚೆ ತುಟಿ ‘ಕ್ವಿವರ್’ ಆಗುತ್ತದೆ. ಕೈ ‘ಟ್ರೆಂಬಲ್’ ಆಗುತ್ತದೆ. ಚಳಿಗೆ ಮೈ ‘ಶಿವರ್’ ಆಗುತ್ತದೆ. ಅಸಹ್ಯದ್ದೋ ಘೋರವಾದದ್ದೋ ಕಂಡಾಗ ಮೈ ಒಮ್ಮೆ ಜುಮ್ಮೆಂದು ಅದುರಿದರೆ ‘ಶಡರ್’. ನಿರ್ಧಾರ ಅತ್ತಿತ್ತ ಹೊಯ್ದಾಡಿದರೆ ‘ವೇವರ್’. ಕ್ವೇವರ್ ಹೆಚ್ಚಾಗಿ ದನಿಗೇ ಮೀಸಲು. ಕಟ್ಟುನಿಟ್ಟಿನ ಕಾನೂನು ಇದಲ್ಲ, ದನಿಗೆ ಟ್ರೆಂಬಲ್ ಅಂದರೂ ತಪ್ಪಿಲ್ಲ. ಆದರೆ ಕೈ ಕ್ವೇವರ್ ಆಯಿತು ಅಂದರೆ ಕೇಳುವವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ಇದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಅವನ ದನಿ ಕ್ವೇವರ್ ಆಯಿತು’ ಅನ್ನಬಹುದು, ‘ಅವನ ದನಿಯಲ್ಲೊಂದು ಕ್ವೇವರ್ ಇತ್ತು’ ಅಂತಲೂ ಅನ್ನಬಹುದು.

ದನಿ ನಡುಗುವಾಗ ಗಂಟಲಲ್ಲಿ ಏನಾಗುತ್ತದೆ? ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮಡಿಕೆಗಳಿವೆ. ಶ್ವಾಸಕೋಶದಿಂದ ಗಾಳಿ ಬಂದಾಗ ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ದನಿ ಹುಟ್ಟಿಸುತ್ತವೆ. ಮಾಮೂಲಿ ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರಲ್ಲಿ ಸುಮಾರು 200 ಸಲ ಹೀಗಾಗುತ್ತದೆ. ಅಂದರೆ ದನಿ ಅನ್ನುವುದೇ ಒಂದು ಕಂಪನ. ನಾವು ‘ನಡುಗುವ ದನಿ’ ಅನ್ನುವುದು ಈ ಕಂಪನದ ಮೇಲೆ ಸವಾರಿ ಮಾಡುವ ಇನ್ನೊಂದು ಕಂಪನವನ್ನು. ಅದು ನಿಧಾನದ್ದು, ಸೆಕೆಂಡಿಗೆ ಕೆಲವೇ ಸಲ ಬರುವಂಥದ್ದು. ಮೊದಲನೆಯದನ್ನು ಕಿವಿ ಸ್ವರ ಅಂತ ಕೇಳಿಸಿಕೊಳ್ಳುತ್ತದೆ. ಎರಡನೆಯದು ಎಣಿಸಬಹುದಾದಷ್ಟು ನಿಧಾನ, ಅದಕ್ಕೇ ಅದು ಸ್ವರ ಆಗುವುದಿಲ್ಲ, ನಡುಕ ಆಗುತ್ತದೆ.

ವೇದಿಕೆ ಹತ್ತಿದಾಗ ಹೆದರಿಕೆಯಿಂದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಉಸಿರು ಮೇಲಕ್ಕೆ ಬಂದು ಚಿಕ್ಕದಾಗುತ್ತದೆ. ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ಮಡಿಕೆಗಳು ಎಳೆದಂತಾಗುತ್ತವೆ, ದನಿ ಮಾಮೂಲಿಗಿಂತ ಮೇಲೆ ಹೋಗುತ್ತದೆ. ಕೆಳಗಿಂದ ಬರುವ ಗಾಳಿಯ ಒತ್ತಡವೂ ಒಂದೇ ಸಮ ಇರುವುದಿಲ್ಲ, ಬಿಗಿದ ಸ್ನಾಯುಗಳೂ ಅದುರುತ್ತಿರುತ್ತವೆ. ಎರಡೂ ಸೇರಿ ದನಿ ಅಲುಗಾಡುತ್ತದೆ. ಭಾಷಣಕ್ಕೆ ಮುಂಚೆ ಉಸಿರನ್ನು ನಿಧಾನವಾಗಿ, ಪೂರ್ತಿ ಹೊರಗೆ ಬಿಡಿ ಅಂತ ಹೇಳುವುದು ಇದಕ್ಕೇ. ದನಿಯ ಬುಡವೇ ಉಸಿರು.

ವಯಸ್ಸಾದವರ ದನಿಯ ಕಥೆ ಬೇರೆ. ವರ್ಷ ಕಳೆದಂತೆ ಮಡಿಕೆಗಳು ತೆಳ್ಳಗಾಗುತ್ತವೆ, ಸ್ನಾಯು ಸವೆಯುತ್ತದೆ, ಎರಡೂ ಸರಿಯಾಗಿ ಕೂಡುವುದಿಲ್ಲ. ಇದಲ್ಲದೆ ‘ಎಸೆನ್ಷಿಯಲ್ ಟ್ರೆಮರ್’ ಎಂಬ ನರ ಸಂಬಂಧಿ ತೊಂದರೆ ಇದೆ. ಅದು ಕೈಯನ್ನು, ತಲೆಯನ್ನು ನಡುಗಿಸುವ ಹಾಗೆ ಗಂಟಲನ್ನೂ ನಡುಗಿಸುತ್ತದೆ. ಹಾಲಿವುಡ್ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರಿಗೆ ಇದೇ ತೊಂದರೆ ಇತ್ತು. ಕೊನೆಕೊನೆಯ ಸಿನಿಮಾಗಳಲ್ಲಿ ಅವರ ತಲೆಯೂ ದನಿಯೂ ನಡುಗುವುದು ಕಾಣುತ್ತದೆ. ಅದನ್ನು ಮುಚ್ಚಿಡದೆ ನಟಿಸಿದರು ಅವರು. ಈ ತೊಂದರೆ ಹುಟ್ಟುವುದು ಹೆದರಿಕೆಯಿಂದ ಅಲ್ಲ. ನಡುಗುವ ದನಿಯಲ್ಲಿ ಮಾತಾಡಿದವರೆಲ್ಲ ಅಳುಕುತ್ತಿದ್ದಾರೆ ಅಂದುಕೊಳ್ಳುವುದು ಅನ್ಯಾಯ, ಅಲ್ವಾ?

ಈಗ ಪದದ ಹುಟ್ಟಿಗೆ ಬರೋಣ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಕ್ವಾವೆನ್’ ಎಂಬ ಕ್ರಿಯಾಪದ ಇತ್ತು. ನಡುಗು, ಅಲುಗು, ಅದುರು ಅಂತ ಅದರ ಅರ್ಥ. 15ನೇ ಶತಮಾನದ ಹೊತ್ತಿಗೆ ಅದರ ಕೊನೆಗೆ ‘ಅರ್’ ಸೇರಿ ಕ್ವೇವರ್‌ನ ಹಳೆಯ ರೂಪ ಬಂತು. ಈ ‘ಅರ್’ ಸುಮ್ನೆ ಸೇರಿದ್ದಲ್ಲ. ಒಂದು ಕೆಲಸ ಮತ್ತೆ ಮತ್ತೆ, ಚಿಕ್ಕಚಿಕ್ಕದಾಗಿ, ಬೇಗಬೇಗ ಆಗುತ್ತದೆ ಎಂದು ಹೇಳುವ ಪ್ರತ್ಯಯ ಅದು. ಫ್ಲಿಕರ್, ಗ್ಲಿಮರ್, ಪ್ಯಾಟರ್, ಚ್ಯಾಟರ್, ಫ್ಲಟರ್, ಶಿವರ್ ಇವೆಲ್ಲ ಅದೇ ಬಾಲದ ಪದಗಳು.

ನಾವು ಈ ಕೆಲಸಕ್ಕೆ ಬಾಲ ಅಂಟಿಸುವುದಿಲ್ಲ, ಪದವನ್ನೇ ಎರಡು ಸಲ ಹೇಳುತ್ತೇವೆ. ದೀಪ ಮಿಣಮಿಣ, ಮಳೆ ಹನಿ ಪಟಪಟ, ಹಲ್ಲು ಕಟಕಟ, ರೆಕ್ಕೆ ಪಟಪಟ, ಮೈ ಗಡಗಡ. ಮೇಲಿನ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಇವುಗಳ ಪಕ್ಕ ಇಟ್ಟು ನೋಡಿ. ಬಹುತೇಕ ಜೋಡಿಯಾಗಿ ಕೂರುತ್ತವೆ. ಬರೀ ಅಲುಗಾಟ ಕ್ವಾವೆನ್, ಬಿಡದೆ ಮತ್ತೆ ಮತ್ತೆ ನಡೆಯುವ ಅಲುಗಾಟ ಕ್ವೇವರ್. ಪದದ ಅರ್ಥದಲ್ಲೇ ಮರುಕಳಿಕೆ ಇದೆ ಅನ್ನುವುದನ್ನು ನೆನಪಿಡಿ, ಸಂಗೀತಕ್ಕೆ ಬಂದಾಗ ಇದು ಬೇಕಾಗುತ್ತದೆ.

ಕ್ವಾವೆನ್ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಉತ್ತರ ಜರ್ಮನಿಯ ಕಡೆಯ ನುಡಿಗಳಲ್ಲಿ ತುಳುಕಾಡು, ಲೊಳಲೊಳ ಅಲುಗು ಎಂಬ ಅರ್ಥದ ಹತ್ತಿರದ ಪದಗಳಿವೆ. ಅಲುಗಾಟವನ್ನು ಬಾಯಲ್ಲಿ ಅನುಕರಿಸಲು ಹೋಗಿ ಹುಟ್ಟಿದ ಪದ ಇರಬಹುದು ಅನ್ನುವವರೂ ಇದ್ದಾರೆ. ನನಗಂತೂ ಈ ಎರಡನೆಯದು ಮನಸ್ಸಿಗೆ ಹಿಡಿಸುತ್ತದೆ. ಯಾಕೆಂದರೆ ಕ್ವೇಕ್, ಕ್ವಿವರ್, ಕ್ವೇವರ್ ಮೂರೂ ಒಂದೇ ‘ಕ್ವ’ ಸದ್ದಿನಿಂದ ಶುರುವಾಗುತ್ತವೆ, ಮೂರೂ ನಡುಕದ ಪದಗಳೇ. ಕೆಸರು ತುಂಬಿದ ಜೌಗು ನೆಲಕ್ಕೆ ಇಂಗ್ಲಿಷಿನಲ್ಲಿ ‘ಕ್ವ್ಯಾಗ್‌ಮಯರ್’ ಅನ್ನುತ್ತಾರೆ. ಕಾಲಿಟ್ಟರೆ ಅದುರುವ ನೆಲ ಅದು. 16ನೇ ಶತಮಾನದಲ್ಲಿ ಅದನ್ನೇ ‘ಕ್ವೇವ್‌ಮಯರ್’ ಅಂತಲೂ ಬರೆಯುತ್ತಿದ್ದರು. ನಡುಗುವ ದನಿಯೂ ನಡುಗುವ ಕೆಸರೂ ಆಗ ಅಕ್ಕಪಕ್ಕದ ಮನೆಯವು.

ಕಾಗುಣಿತದ ಬಗ್ಗೆಯೂ ಒಂದು ಮಾತು. ಹಳೆಯ ಇಂಗ್ಲಿಷಿನಲ್ಲಿ ಈ ‘ಕ್ವ’ ಸದ್ದನ್ನು ಸಿ ಮತ್ತು ಡಬ್ಲ್ಯೂ ಧ್ವನಿಯ ಅಕ್ಷರ ಸೇರಿಸಿ ಬರೆಯುತ್ತಿದ್ದರು. ಕ್ವೀನ್, ಕ್ವಿಕ್, ಕ್ವೇಕ್ ಎಲ್ಲವೂ ಹಾಗೆಯೇ ಇದ್ದವು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಫ್ರೆಂಚ್ ಪದ್ಧತಿ ಕಲಿತ ಲಿಪಿಕಾರರ ಕೈಗೆ ಬರವಣಿಗೆ ಹೋಯಿತು. ಅವರು ಇದನ್ನೆಲ್ಲ ಕ್ಯೂ ಮತ್ತು ಯು ಅಕ್ಷರಗಳಿಗೆ ಬದಲಾಯಿಸಿದರು. ಸದ್ದು ಇಂಗ್ಲಿಷಿನದ್ದು, ಅಂಗಿ ಫ್ರೆಂಚಿನದ್ದು.

ಕ್ವೇಕ್‌ನಿಂದ ಹುಟ್ಟಿದ ಒಂದು ಹೆಸರಂತೂ ಜಗತ್ತಿಗೇ ಗೊತ್ತು: ಕ್ವೇಕರ್. ಅದು ಒಂದು ಕ್ರೈಸ್ತ ಪಂಥದವರ ಹೆಸರು. 1650ರಲ್ಲಿ ಇಂಗ್ಲೆಂಡಿನ ಡರ್ಬಿ ಊರಿನಲ್ಲಿ ಜಾರ್ಜ್ ಫಾಕ್ಸ್ ಎಂಬ ಧರ್ಮಬೋಧಕನನ್ನು ದೇವನಿಂದೆಯ ಆರೋಪದಲ್ಲಿ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ದೇವರ ಮಾತಿಗೆ ನಡುಗಿರಿ ಅಂತ ಆ ನ್ಯಾಯಾಧೀಶರಿಗೇ ಫಾಕ್ಸ್ ಹೇಳಿದ. ಹಾಗಾದರೆ ನೀವು ನಡುಗುವವರು ಅಂತ ಜರ್ವಾಸ್ ಬೆನೆಟ್ ಎಂಬ ನ್ಯಾಯಾಧೀಶ ಗೇಲಿ ಮಾಡಿದ. ಫಾಕ್ಸ್ ತಾನೇ ಬರೆಸಿದ ಜೀವನ ಕಥನದಲ್ಲಿ ಇದು ಇದೆ. ಪ್ರಾರ್ಥನೆಯ ಹೊತ್ತಿನಲ್ಲಿ ಫಾಕ್ಸ್‌ನ ಪಂಥದವರ ಮೈ ನಡುಗುತ್ತಿದ್ದದ್ದಕ್ಕೇ ಈ ಹೆಸರು ಬಂತು ಅನ್ನುವ ಮಾತೂ ಇದೆ. ಅವರ ಪಂಥದ ಅಧಿಕೃತ ಹೆಸರು ಬೇರೆಯೇ ಇದೆ, ‘ಸ್ನೇಹಿತರ ಧಾರ್ಮಿಕ ಸಮಾಜ’ ಅಂತ. ಗೇಲಿಯ ಹೆಸರೇ ಉಳಿಯಿತು.

ಸಂಗೀತಕ್ಕೆ ಬರೋಣ. 16ನೇ ಶತಮಾನದಲ್ಲಿ ಕ್ವೇವರ್‌ಗೆ ಹೊಸ ಅರ್ಥ ಬಂತು: ದನಿಯನ್ನು ಬೇಕಂತಲೇ ಅಲುಗಿಸಿ ಹಾಡು. ಅಲ್ಲಿಯವರೆಗೆ ತಾನಾಗಿ ಆಗುತ್ತಿದ್ದ ನಡುಕವನ್ನು ಹಾಡುಗಾರರು ಅಲಂಕಾರ ಮಾಡಿಕೊಂಡಿದ್ದರು. ಯುರೋಪಿನಲ್ಲೆಲ್ಲ ಆಗ ಇದರದೇ ಅಬ್ಬರ. ಇಟಲಿಯ ಹಾಡುಗಾರ ಜೂಲಿಯೋ ಕಚ್ಚೀನಿ 1602ರ ತನ್ನ ಪುಸ್ತಕದಲ್ಲಿ ಒಂದೇ ಸ್ವರವನ್ನು ಗಂಟಲಲ್ಲಿ ಮತ್ತೆ ಮತ್ತೆ ತಟ್ಟುತ್ತಾ ವೇಗ ಹೆಚ್ಚಿಸುವ ಅಲಂಕಾರವನ್ನು ವಿವರಿಸಿದ್ದಾನೆ. ಇಂಥ ಕಡೆ ಸ್ವರಗಳು ಪುಟ್ಟಪುಟ್ಟದಾಗಿ, ಸಾಲಾಗಿ ಓಡುತ್ತವೆ. ಅವನ್ನು ಕಾಗದದ ಮೇಲೆ ಬರೆಯಬೇಕಾದರೆ ಪುಟ್ಟ ಅವಧಿಯ ಚಿಹ್ನೆ ಬೇಕು. ಆ ಚಿಹ್ನೆಗೆ ಇಂಗ್ಲಿಷಿನವರು ಇಟ್ಟ ಹೆಸರೇ ಕ್ವೇವರ್, ನಡುಗುವ ಹಾಡಿಕೆಯಲ್ಲಿ ಬರುವ ಚುರುಕು ಸ್ವರ ಅಂತ. 1597ರಲ್ಲಿ ಥಾಮಸ್ ಮಾರ್ಲಿ ಎಂಬ ಸಂಗೀತಗಾರ ಕಲಿಯುವವರಿಗಾಗಿ ಬರೆದ ಪುಸ್ತಕದ ಹೊತ್ತಿಗೆ ಈ ಹೆಸರು ಪಾಠದ ಪಟ್ಟಿಯಲ್ಲೇ ಸೇರಿಹೋಗಿತ್ತು.

ಈ ಪಟ್ಟಿಯ ಬೇರೆ ಹೆಸರುಗಳನ್ನೂ ನೋಡಿದರೆ ಮಜಾ ಇದೆ. ‘ಬ್ರೀವ್’ ಅಂದರೆ ಲ್ಯಾಟಿನ್ ಮೂಲದಲ್ಲಿ ಚಿಕ್ಕದು. ಈಗ ಬಳಕೆಯಲ್ಲಿರುವ ಚಿಹ್ನೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು! ಅದರ ಅರ್ಧ ‘ಸೆಮಿಬ್ರೀವ್’. ಅದರ ಅರ್ಧ ‘ಮಿನಿಮ್’, ಅಂದರೆ ಅತಿ ಕನಿಷ್ಠ. ಒಂದು ಕಾಲದಲ್ಲಿ ಅದಕ್ಕಿಂತ ಚಿಕ್ಕದು ಇರಲೇ ಇಲ್ಲ. ಸಂಗೀತ ಚುರುಕಾದ ಹಾಗೆ ಇನ್ನೂ ಚಿಕ್ಕ ಚಿಹ್ನೆಗಳು ಬೇಕಾದವು, ಹಳೆಯ ಚಿಹ್ನೆಗಳು ನಿಧಾನವಾದವು, ಹೆಸರು ಮಾತ್ರ ಬದಲಾಗಲಿಲ್ಲ. ಮಿನಿಮ್‌ನ ಅರ್ಧ ‘ಕ್ರಾಚೆಟ್’. ಅದರ ಅರ್ಧ ನಮ್ಮ ಕ್ವೇವರ್. ನಾಲ್ಕು ಎಣಿಕೆಯ ಒಂದು ಆವರ್ತದಲ್ಲಿ, ಎಣಿಕೆಗೊಂದು ಕ್ರಾಚೆಟ್ ಅಂತ ಇಟ್ಟುಕೊಂಡರೆ, ಎಂಟು ಕ್ವೇವರ್ ಹಿಡಿಸುತ್ತವೆ.

ಕ್ರಾಚೆಟ್ ಅಂದರೆ ಫ್ರೆಂಚ್ ಮೂಲದಲ್ಲಿ ಪುಟ್ಟ ಕೊಕ್ಕೆ. ಇವತ್ತಿನ ಕ್ರಾಚೆಟ್‌ಗೆ ಕೊಕ್ಕೆಯೇ ಇಲ್ಲ, ಬರೀ ಕಪ್ಪು ತಲೆ, ಒಂದು ಕಡ್ಡಿ. ಕೊಕ್ಕೆ ಇರುವುದು ಕ್ವೇವರ್‌ಗೆ. ಹಳೆಯ ಬರವಣಿಗೆಯಲ್ಲಿ ಕ್ರಾಚೆಟ್‌ಗೂ ಕೊಕ್ಕೆ ಹಾಕುವ ರೂಢಿ ಇತ್ತು, ಹೆಸರು ಆಗಿನದು. ಫ್ರೆಂಚರು ಇವತ್ತು ‘ಕ್ರೋಶ್’ ಅಂದರೆ ಅದು ಕ್ವೇವರ್. ಇಂಗ್ಲಿಷಿನ ಕ್ರಾಚೆಟ್ ಮತ್ತು ಫ್ರೆಂಚಿನ ಕ್ರೋಶ್ ಒಂದೇ ಬೇರಿನವು, ಅವಧಿಯಲ್ಲಿ ಮಾತ್ರ ಒಂದು ಇನ್ನೊಂದರ ಎರಡರಷ್ಟು. ಇಬ್ಬರು ಕೂಡಿ ನುಡಿಸುವಾಗ ಇದರಿಂದ ಎಷ್ಟು ಗಲಿಬಿಲಿ ಆಗಬಹುದು ಯೋಚಿಸಿ.

ಕ್ವೇವರ್‌ಗಿಂತಲೂ ಚಿಕ್ಕ ಚಿಹ್ನೆಗಳು ಬೇಕಾದಾಗ ಹೊಸ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಅರ್ಧ ಕ್ವೇವರ್ ‘ಸೆಮಿಕ್ವೇವರ್’. ಅದರ ಅರ್ಧ ‘ಡೆಮಿಸೆಮಿಕ್ವೇವರ್’. ಅದರ ಅರ್ಧ ‘ಹೆಮಿಡೆಮಿಸೆಮಿಕ್ವೇವರ್’. ಸೆಮಿ ಲ್ಯಾಟಿನ್, ಡೆಮಿ ಫ್ರೆಂಚ್, ಹೆಮಿ ಗ್ರೀಕ್. ಮೂರಕ್ಕೂ ಅರ್ಥ ಒಂದೇ, ಅರ್ಧ. ಅರ್ಧದ ಅರ್ಧದ ಅರ್ಧ ನಡುಕ! ಲೆಕ್ಕ ಹಾಕಿದರೆ ಒಂದು ಸೆಮಿಬ್ರೀವ್‌ನ 64ನೇ ಒಂದು ಭಾಗ. ನುಡಿಸುವುದಕ್ಕಿಂತ ಅದರ ಹೆಸರು ಹೇಳುವುದಕ್ಕೇ ಜಾಸ್ತಿ ಹೊತ್ತು ಬೇಕು.

ಇಲ್ಲಿ ನಮ್ಮ ಕಡೆಯದೊಂದು ಸಂಗತಿ ಹೇಳದೆ ಇರಲಾಗುವುದಿಲ್ಲ. 13ನೇ ಶತಮಾನದ ‘ಸಂಗೀತರತ್ನಾಕರ’ ಎಂಬ ಸಂಸ್ಕೃತ ಗ್ರಂಥದಲ್ಲಿ ಶಾರ್ಙ್ಗದೇವ ಗಮಕಕ್ಕೆ ಕೊಟ್ಟ ಲಕ್ಷಣ ಹೀಗಿದೆ: ‘ಸ್ವರಸ್ಯ ಕಂಪೋ ಗಮಕಃ ಶ್ರೋತೃಚಿತ್ತಸುಖಾವಹಃ’. ಕೇಳುವವರ ಮನಸ್ಸಿಗೆ ಹಿತ ಕೊಡುವ ಸ್ವರದ ನಡುಕವೇ ಗಮಕ. ಹದಿನೈದು ಗಮಕಗಳನ್ನು ಅವನು ಹೆಸರಿಸುತ್ತಾನೆ, ಅದರಲ್ಲಿ ಒಂದು ಕಂಪಿತ. ಕೆಲವು ಗಮಕಗಳನ್ನು ಒಂದರಿಂದ ಒಂದು ಬೇರೆ ಮಾಡುವುದೇ ನಡುಕದ ವೇಗ. ಲಘು, ದ್ರುತ ಎರಡೂ ತಾಳದ ಕಾಲದ ಅಳತೆಗಳು, ಲಘುವಿನ ಅರ್ಧ ದ್ರುತ. ಒಂದು ಅಲುಗಾಟಕ್ಕೆ ಒಂದು ಲಘುವಿನಷ್ಟು ಕಾಲ ಹಿಡಿದರೆ ಆಂದೋಲಿತ, ಒಂದು ದ್ರುತ ಹಿಡಿದರೆ ಲೀನ, ಅರ್ಧ ದ್ರುತ ಆದರೆ ಕಂಪಿತ. ಇಂಗ್ಲಿಷಿನವರು ಕಾಲದ ಒಂದು ತುಣುಕಿಗೆ ನಡುಕದ ಹೆಸರಿಟ್ಟರು. ಶಾರ್ಙ್ಗದೇವ ಅದಕ್ಕೂ ಮುಂಚೆಯೇ ನಡುಕವನ್ನು ಕಾಲದಲ್ಲಿ ಅಳೆದಿಟ್ಟಿದ್ದ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಇದು. ನಡುಕದಲ್ಲಿ ಮರುಕಳಿಕೆ ಇರುವುದರಿಂದ ಅದನ್ನು ಎಣಿಸಬಹುದು ಅನ್ನುವುದು ಎರಡೂ ಕಡೆಯ ಸಂಗೀತಗಾರರಿಗೆ ಹೊಳೆದಿತ್ತು. ಎರಡೂ ಲೋಕವನ್ನು ಬಲ್ಲವರು ನಮ್ಮಲ್ಲೇ ಒಬ್ಬರಿದ್ದರು. ಮೈಸೂರಿನ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು, ಜೊತೆಗೆ ಪಾಶ್ಚಾತ್ಯ ಪಿಯಾನೋ ಕಲಿತವರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು (ಪಿಯಾನೋ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ) ಅವರಿಗೇ ಅರ್ಪಿಸಿದ್ದಾನೆ.

ನಡುಕದ ಇನ್ನೊಂದು ಬಳಗ ಲ್ಯಾಟಿನ್ನಿನ ‘ಟ್ರೆಮೆರೆ’ಯಿಂದ ಬಂದದ್ದು. ಟ್ರೆಂಬಲ್, ಟ್ರೆಮರ್, ಟ್ರೆಮೊಲೊ ಇವೆಲ್ಲ ಅದೇ ಕುಟುಂಬ. ‘ಟ್ರೆಮೆಂಡಸ್’ ಕೂಡ. ನಡುಗಬೇಕಾದಂಥದ್ದು ಅಂತ ಅದರ ಮೂಲ ಅರ್ಥ. ಈಗ ನಾವು ಅದನ್ನು ಬಿರಿಯಾನಿಗೂ ಬಳಸುತ್ತೇವೆ.

ಟ್ರೆಮೊಲೊ ಮತ್ತು ವೈಬ್ರಾಟೋ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಸ್ವರದ ಎತ್ತರ ಮೇಲೆ ಕೆಳಗೆ ಆದರೆ ವೈಬ್ರಾಟೋ. ತರಬೇತಿ ಪಡೆದ ಹಾಡುಗಾರರಲ್ಲಿ ಅದು ಸೆಕೆಂಡಿಗೆ ಸುಮಾರು 5ರಿಂದ 7 ಸಲ ಬರುತ್ತದೆ. ಎತ್ತರ ಹಾಗೇ ಇದ್ದು ಜೋರು ಮಾತ್ರ ಹೆಚ್ಚು ಕಡಿಮೆ ಆದರೆ ಟ್ರೆಮೊಲೊ. ಈ ಗೊಂದಲಕ್ಕೆ ಗಿಟಾರ್ ತಯಾರಿಸುತ್ತಿದ್ದ ಅಮೆರಿಕದ ಲಿಯೋ ಫೆಂಡರ್ ಒಳ್ಳೆಯ ಗೊಬ್ಬರ ಹಾಕಿದ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಗಿಟಾರಿನ ಅಲುಗಿಸುವ ಹಿಡಿಗೆ ಅವನ ಕಂಪನಿ ‘ಟ್ರೆಮೊಲೊ’ ಅಂತ ಹೆಸರಿಟ್ಟಿತು. ಅದು ತಂತಿಯ ಬಿಗಿ ಬದಲಿಸಿ ಸ್ವರದ ಎತ್ತರ ಬದಲಿಸುತ್ತದೆ, ಅಂದರೆ ವೈಬ್ರಾಟೋ. ಅದೇ ಕಂಪನಿಯ ಎಷ್ಟೋ ಆಂಪ್ಲಿಫೈಯರುಗಳಲ್ಲಿ ‘ವೈಬ್ರಾಟೋ’ ಎಂದು ಬರೆದ ಗುಂಡಿ ಜೋರನ್ನು ಅಲುಗಿಸುತ್ತದೆ, ಅಂದರೆ ಟ್ರೆಮೊಲೊ. ಗಿಟಾರ್ ಅಂಗಡಿಗಳಲ್ಲಿ ಇವತ್ತಿಗೂ ಇದೇ ತಲೆಕೆಳಗಾದ ಹೆಸರುಗಳು ಚಾಲ್ತಿಯಲ್ಲಿವೆ. ನಡುಗುವ ದನಿಯ ಕ್ವೇವರ್‌ನಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ, ಯಾವುದೂ ಹತೋಟಿಯಲ್ಲಿ ಇರುವುದಿಲ್ಲ.

ಬ್ರಿಟನ್ನಿನಲ್ಲಿ ‘ಕ್ವೇವರ್ಸ್’ ಎಂಬ ಹೆಸರಿನ ತಿಂಡಿಯೂ ಇದೆ. 1968ರಿಂದ ಮಾರಾಟವಾಗುತ್ತಿರುವ, ಸುರುಳಿ ಸುತ್ತಿದ, ಚೀಸ್ ರುಚಿಯ ಕುರುಕಲು ಅದು.

ಕೊನೆಗೆ, ಕಲಿಯುವ ಮಕ್ಕಳ ಮನೆಯವರಿಗೆ ಒಂದು ಉಪಯೋಗದ ಮಾತು. ಬೆಂಗಳೂರಿನಲ್ಲಿ ಕೀಬೋರ್ಡ್, ಗಿಟಾರ್ ಕಲಿಯುವ ಎಷ್ಟೋ ಮಕ್ಕಳು ಲಂಡನ್ನಿನ ಟ್ರಿನಿಟಿಯ ಗ್ರೇಡ್ ಪರೀಕ್ಷೆ ಕಟ್ಟುತ್ತಾರೆ. ಆ ಪಾಠದಲ್ಲಿ ಕೇಳಿಸುವುದು ಬ್ರಿಟಿಷ್ ಹೆಸರುಗಳು. ಮನೆಗೆ ಬಂದು ಯೂಟ್ಯೂಬ್ ಹಾಕಿದರೆ ಅಮೆರಿಕದ ಮೇಷ್ಟ್ರು ಕ್ವೇವರ್ ಅನ್ನುವುದೇ ಇಲ್ಲ. ಅವರದು ‘ಏಯ್ಟ್ತ್ ನೋಟ್’, ಎಂಟನೇ ಒಂದು ಭಾಗದ ಸ್ವರ. ಜರ್ಮನ್ನರು ಹೀಗೆ ಭಾಗದ ಲೆಕ್ಕದಲ್ಲೇ ಹೆಸರಿಡುತ್ತಾರೆ, ಅಮೆರಿಕದವರು ಅದನ್ನೇ ಹಿಡಿದರು. ಸೆಮಿಬ್ರೀವ್ ಅಲ್ಲಿ ‘ಹೋಲ್ ನೋಟ್’, ಮಿನಿಮ್ ‘ಹಾಫ್ ನೋಟ್’, ಕ್ರಾಚೆಟ್ ‘ಕ್ವಾರ್ಟರ್ ನೋಟ್’. ಸೆಮಿಕ್ವೇವರ್ ‘ಸಿಕ್ಸ್‌ಟೀನ್ತ್’. ಲೆಕ್ಕಕ್ಕೆ ಅಮೆರಿಕದ ಹೆಸರುಗಳೇ ಸುಲಭ, ಒಪ್ಪಬೇಕಾದ ಮಾತು. ಮಗು ಎರಡನ್ನೂ ಕಲಿತುಕೊಂಡರೆ ಪರೀಕ್ಷೆಯಲ್ಲೂ ವಿಡಿಯೋದಲ್ಲೂ ತೊಂದರೆ ಆಗುವುದಿಲ್ಲ.